ಹೆಡ್ ವಾರ್ಡರ್ ಸೀನಿದ್ದು

ಖಾಕಿ ಹಾಕಿಕೊಂಡವನಿಗೆ ಹೆದರಿಕೆಯೇ ಇರುವುದಿಲ್ಲ ಎಂದು ಜನ ಯಾಕೆ ನಂಬಿಕೊಂಡಿದ್ದಾರೋ ನನಗೆ ಗೊತ್ತಿಲ್ಲ. ಮದುವೆ ಮನೆಗಳಲ್ಲಿ ನಮ್ಮ ನೆಂಟರು ನನ್ನನ್ನು ಪರಿಚಯ ಮಾಡಿಕೊಡುವಾಗ "ಇವರು ಜೈಲಲ್ಲಿದ್ದಾರೆ" ಎಂದುಬಿಡುತ್ತಾರೆ. ಕೇಳಿದವರು ಕುರ್ಚಿಯನ್ನು ಸದ್ದಿಲ್ಲದೆ ಹಿಂದಕ್ಕೆ ಸರಿಸಿಕೊಳ್ಳುತ್ತಾರೆ. "ಕೆಲಸದಲ್ಲಿ" ಎಂಬ ಮಾತು ಆಮೇಲೆ ಬರುತ್ತದೆ. ಆಗ ಕುರ್ಚಿ ಮತ್ತೆ ಮುಂದಕ್ಕೆ ಬರುತ್ತದೆ. "ಅಬ್ಬಾ, ಅಂಥವರ ಮಧ್ಯೆ ಹೆಂಗ್ರೀ ಇರ್ತೀರಾ? ಭಯ ಆಗಲ್ವಾ?" ಎಂದು ಕೇಳುತ್ತಾರೆ. ನಾನು ಮೀಸೆಯ ಮೇಲೆ ಒಂದು ಸಲ ಕೈಯಾಡಿಸಿ, "ಅಭ್ಯಾಸ ಆಗೋಗಿದೆ ಬಿಡಿ" ಎನ್ನುತ್ತೇನೆ. ಅದು ಸುಳ್ಳೇನೂ ಅಲ್ಲ. ಕಳ್ಳತನದವರು, ಹೊಡೆದಾಟದವರು, ಸುಳ್ಳು ಪತ್ರ ಬರೆಸಿದವರು, ಇವರ್ಯಾರ ಭಯವೂ ನನಗಿಲ್ಲ. ಇಪ್ಪತ್ತಾರು ವರ್ಷದಿಂದ ಅವರ ಜೊತೆಗೇ ಇದ್ದೇನೆ. ಬೆಳಗಿನ ಟೀ ತಡವಾದರೆ ಮುಖ ಊದಿಸಿಕೊಳ್ಳುವುದರಲ್ಲಿ ಅವರಿಗೂ ನನಗೂ ಏನೂ ವ್ಯತ್ಯಾಸವಿಲ್ಲ. ನನಗಿರುವುದು ಬೇರೆಯೇ ಭಯ. ನಿವೃತ್ತಿ ಹತ್ತಿರ ಬಂತು, ಇನ್ನು ಮುಚ್ಚಿಟ್ಟು ಏನು ಪ್ರಯೋಜನ, ಹೇಳಿಬಿಡುತ್ತೇನೆ: ಪಕ್ಕದಲ್ಲಿ ಯಾರಾದರೂ ಕೆಮ್ಮಿದರೆ ನನ್ನ ಎದೆ ಡವಡವ ಎನ್ನುತ್ತದೆ.

ಇದು ನನಗೆ ಕೊರೋನಾ ಕಾಲದಲ್ಲಿ ಬಂದ ಗುಣವಲ್ಲ, ಹುಟ್ಟಿನಿಂದಲೇ ಬಂದದ್ದು. ಯಾರಿಗೆ ಯಾವ ಕಾಯಿಲೆ ಬಂತೆಂದು ಕೇಳಿದರೂ ಅದರ ಲಕ್ಷಣಗಳು ಸಂಜೆಯೊಳಗೆ ನನ್ನ ಮೈಯಲ್ಲಿ ಕಾಣಿಸಿಕೊಳ್ಳುತ್ತವೆ. ಒಂದು ವರ್ಷ ಅವರೆಕಾಯಿ ಕಾಲದಲ್ಲಿ ಎಡಗಡೆ ಎದೆ ಹಿಡಿದುಕೊಂಡಂತಾಗಿ, ಆಸ್ತಿ ಪತ್ರಗಳು ಬೀರುವಿನ ಯಾವ ಖಾನೆಯಲ್ಲಿವೆ ಎಂದು ಹೆಂಡತಿಗೆ ಹೇಳಿ, ಕಣ್ಣು ಮುಚ್ಚಿಕೊಂಡು ಆಟೋದಲ್ಲಿ ಹೊಸಕೋಟೆಗೆ ಹೋಗಿದ್ದೆ. ಡಾಕ್ಟರು ಎದೆಗೆ ಸ್ಟೆತಾಸ್ಕೋಪು ಇಟ್ಟರು, ಆಮೇಲೆ ಹೊಟ್ಟೆಯನ್ನು ಒಂದು ಸಲ ಅಮುಕಿದರು. ಆಗ ಹೊರಟ ಶಬ್ದವೇ ರೋಗ ಯಾವುದೆಂದು ಹೇಳಿತು. ನಾಲ್ಕು ದಿನದಿಂದ ಮೂರು ಹೊತ್ತೂ ಹಿತಕಿದ ಬೇಳೆ ಸಾರು ತಿಂದಿದ್ದೆ. ನನ್ನ ಹೆಂಡತಿ ಜಯಮ್ಮ ಈ ಕತೆಯನ್ನು ನಮ್ಮ ನೆಂಟರಿಷ್ಟರಲ್ಲಿ ಹೇಳದೆ ಬಿಟ್ಟ ಮನೆಯಿಲ್ಲ.

ಕೆಲಸದ ಜಾಗದಲ್ಲೂ ನನ್ನ ಈ ಗುಣ ಗುಟ್ಟಾಗಿರಲಿಲ್ಲ. ನಮ್ಮದು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಂದು ಸಣ್ಣ ಜೈಲು. ಯಾವ ತಾಲ್ಲೂಕು ಎಂದು ಹೇಳುವುದಿಲ್ಲ, ಹೇಳಿದರೆ ನಮ್ಮ ಜೈಲರ್ ಮೇಡಂ ಬೈಯುತ್ತಾರೆ. ನಾಲ್ಕು ಬ್ಯಾರಕ್ಕು, ಒಂದು ಅಡುಗೆ ಮನೆ, ಅಂಗಳದಲ್ಲಿ ಒಂದು ಬೇವಿನ ಮರ. ಕಾಗದಪತ್ರಗಳಲ್ಲಿ ನನ್ನ ಹುದ್ದೆ 'ಮುಖ್ಯ ವೀಕ್ಷಕ'. ಬಾಯಿ ಮಾತಿನಲ್ಲಿ ಎಲ್ಲರಿಗೂ ನಾನು ಹೆಡ್ ವಾರ್ಡರ್ ಮುನಿರಾಜಣ್ಣ. ಬ್ಯಾರಕ್ಕಿನಲ್ಲಿ ಒಬ್ಬನಿಗೆ ಕಜ್ಜಿಯಾಗಿದೆ ಎಂದರೆ ಬಾಗಿಲು ತೆಗೆಯುವ ಮೊದಲೇ ನಾನು ಕೆರೆದುಕೊಳ್ಳಲು ಶುರು ಮಾಡುತ್ತಿದ್ದೆ. ಗೋಡೆಗೆ ಒರಗುತ್ತಿರಲಿಲ್ಲ. ನನ್ನ ಲೋಟ ನನ್ನದೇ. ಕಬ್ಬಿಣದ ಚಿಲಕಗಳನ್ನು ಮೊಣಕೈಯಿಂದ ತಳ್ಳಿ ತೆಗೆಯುವುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ ಕಲಿತಿದ್ದೆ. ಇದನ್ನು ಗಮನಿಸಿದ ನನ್ನ ಕಿರಿಯ ಸಹೋದ್ಯೋಗಿ ನಾಗೇಶ, ನೆಲಮಂಗಲ ಕಡೆಯವನು, ನನಗೆ 'ಮೊಣಕೈ ಅಣ್ಣ' ಎಂದು ಹೆಸರಿಟ್ಟಿದ್ದ. ಎದುರಿಗೆ ಹಾಗೆ ಕರೆಯುತ್ತಿರಲಿಲ್ಲ. ಆದರೆ ಒಳಗಿದ್ದವರಿಗೆಲ್ಲ ಆ ಹೆಸರು ಗೊತ್ತಿತ್ತು.

ಹೀಗಿರುವಾಗ ಆ ಮಹಾಮಾರಿ ಬಂತು. ಹೇಳಿದರೆ ನೀವು ತಪ್ಪು ತಿಳಿಯಬಾರದು, ಮೊದಲ ಒಂದು ವಾರ ನನಗೆ ಒಳಗೊಳಗೇ ಒಂದು ಥರ ಸಮಾಧಾನವಾಯಿತು. ಇಡೀ ದೇಶ ನನ್ನ ದಾರಿಗೆ ಬಂದಿತ್ತು. ಟೀವಿ ತೆರೆದರೆ ಕೈ ತೊಳೆಯಿರಿ, ದೂರ ನಿಲ್ಲಿ, ಮುಟ್ಟಬೇಡಿ. ನಾನು ಮೂವತ್ತು ವರ್ಷದಿಂದ ಹೇಳುತ್ತಿದ್ದುದೂ ಇದನ್ನೇ. ನಾಗೇಶನೂ ಚಿಲಕವನ್ನು ಮೊಣಕೈಯಿಂದ ತೆಗೆಯಲು ಶುರು ಮಾಡಿದ. ಅವನಿಗೆ ಬರುತ್ತಿರಲಿಲ್ಲ, ನಾನೇ ಹೇಳಿಕೊಟ್ಟೆ. ಆದರೆ ಎರಡನೆಯ ವಾರ ಪಕ್ಕದ ಊರಿನಲ್ಲಿ ನಮ್ಮ ಪರಿಚಯದವರೊಬ್ಬರನ್ನು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು ಎಂಬ ಸುದ್ದಿ ಬಂದ ಮೇಲೆ ಆ ಸಮಾಧಾನ ಹೋಗಿ ನನ್ನ ನಿಜವಾದ ಭಯ ಹೊರಗೆ ಬಂತು.

ಜೈಲರ್ ಮೇಡಂ ಚಿಕ್ಕ ವಯಸ್ಸಿನವರು, ಮಾತು ಕಡಿಮೆ, ಕೆಲಸ ಗಟ್ಟಿ. ಮೂರು ದಿನದಲ್ಲಿ ಎಲ್ಲ ವ್ಯವಸ್ಥೆ ಮಾಡಿಸಿದರು. ಗೇಟಿನಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ, ಬೂಟು ಅದ್ದಿಯೇ ಒಳಗೆ ಬರಬೇಕು. ಹಣೆಗೆ ಹಿಡಿದು ಜ್ವರ ನೋಡುವ ಪಿಸ್ತೂಲಿನಂಥ ಯಂತ್ರ. ಹೊಸದಾಗಿ ಬರುವ ಖೈದಿಗಳಿಗೆ ಮೂಲೆಯಲ್ಲಿ ಬೇರೆ ಕೋಣೆ, ಹದಿನಾಲ್ಕು ದಿನ ಅಲ್ಲೇ ಇರಬೇಕು. ನೆಂಟರು ಬಂದು ನೋಡಿ ಹೋಗುವುದೆಲ್ಲ ಬಂದ್, ವಾರಕ್ಕೊಂದು ಸಲ ಫೋನಿನಲ್ಲಿ ಮಾತು. ಇದರ ಮೇಲೆ ನನ್ನ ಸ್ವಂತ ವ್ಯವಸ್ಥೆ ಬೇರೆ. ಒಂದರ ಮೇಲೊಂದು ಎರಡು ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ಕಿನ ಮುಖಗವಸು, ಕೈಗೆ ರಬ್ಬರ್ ಗ್ಲೌಸು, ಖಾಕಿಯ ಮೇಲೆ ರೇನ್‌ಕೋಟು. ಬೇಸಿಗೆಯಲ್ಲಿ ರೇನ್‌ಕೋಟು ಹಾಕಿಕೊಂಡು ನಾನು ಅಂಗಳಕ್ಕೆ ಬಂದಾಗ ಖೈದಿಯೊಬ್ಬ ಆಕಾಶದ ಕಡೆ ನೋಡಿದ. ಒಳಗೆ ಬೆವರು ಮೊಣಕಾಲಿನವರೆಗೆ ಇಳಿಯುತ್ತಿತ್ತು.

ದೊಡ್ಡ ತೊಂದರೆ ಕನ್ನಡಕದ್ದು. ಉಸಿರು ಬಿಟ್ಟಾಗಲೆಲ್ಲ ಅದು ಮಂಜಾಗುತ್ತಿತ್ತು. ಜೈಲಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಎಣಿಕೆ. ಬೆಳಿಗ್ಗೆ ಬಾಗಿಲು ತೆಗೆದಾಗ, ಸಂಜೆ ಮುಚ್ಚುವಾಗ, ತಲೆ ಎಣಿಸಿ ಪುಸ್ತಕಕ್ಕೆ ತಾಳೆ ನೋಡಬೇಕು. ಒಂದು ಸಂಜೆ ನಾನು ಎಣಿಸಿದರೆ ಅರವತ್ತೆರಡು ಬಂತು. ಪುಸ್ತಕದಲ್ಲಿ ಅರವತ್ತೊಂದು. ಮತ್ತೆ ಎಣಿಸಿದೆ. ಅರವತ್ತೆರಡೇ. ಹೋಗಿ ಮೇಡಂಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಮುನಿರಾಜು, ಒಬ್ಬ ಕಡಿಮೆಯಾದ್ರೆ ಏನು ಮಾಡ್ಬೇಕು ಅಂತ ನನಗೆ ಗೊತ್ತು. ಒಬ್ಬ ಜಾಸ್ತಿಯಾದ್ರೆ ಏನು ಮಾಡ್ಬೇಕು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ. ಈ ಕಾಲದಲ್ಲಿ ಗೋಡೆ ಹಾರಿ ಒಳಗೆ ಬರೋನು ಯಾರ್ರೀ?" ಎಂದರು. ಇಬ್ಬರೂ ಹೋಗಿ ನೋಡಿದೆವು. ಕಂಬಕ್ಕೆ ಯಾರೋ ಒಣಗಲು ಹಾಕಿದ್ದ ಅಂಗಿ ಮತ್ತು ಅದರ ಮೇಲೆ ಬೋರಲು ಹಾಕಿದ್ದ ಪಾತ್ರೆಯನ್ನು ನಾನು ಎರಡು ಸಲವೂ ಎಣಿಸಿದ್ದೆ. ನೆಟ್ಟಗೆ ನಿಂತಿದ್ದ, ಗಲಾಟೆ ಮಾಡದೆ ಇದ್ದ, ಒಳ್ಳೆಯ ಖೈದಿ ಎಂದುಕೊಂಡಿದ್ದೆ. ಮಾರನೆಯ ದಿನದಿಂದ ಎಣಿಕೆಗೆ ನಾಗೇಶನೂ ನನ್ನ ಜೊತೆ ಬರಬೇಕೆಂದು ಆದೇಶವಾಯಿತು.

ಇನ್ನು ಮನೆಯ ಕತೆ. ನಮ್ಮ ಮನೆ ಸೂಲಿಬೆಲೆ ಹತ್ತಿರದ ಒಂದು ಹಳ್ಳಿಯಲ್ಲಿ. ಎರಡು ಸೀಮೆ ಹಸು ಇವೆ, ಜಯಮ್ಮ ಡೇರಿಗೆ ಹಾಲು ಹಾಕುತ್ತಾಳೆ. ಆಗ ನಮ್ಮ ಒಬ್ಬಳೇ ಮಗಳು ಸೌಮ್ಯ ಚೊಚ್ಚಲ ಬಾಣಂತನಕ್ಕೆಂದು ಗಂಡನ ಮನೆಯಿಂದ ಬಂದಿದ್ದಳು, ತುಂಬಿದ ಬಸುರಿ. ನನ್ನ ಭಯದ ಬಗ್ಗೆ ಮೂವತ್ತು ವರ್ಷ ನಕ್ಕವಳು ಜಯಮ್ಮ. ಮಗಳು ಬಂದ ದಿನದಿಂದ ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆ ಹೋದಳು. "ನೀವು ದಿನಾ ಅರವತ್ತು ಜನದ ಮಧ್ಯೆ ಹೋಗಿಬರ್ತೀರಿ. ಒಳಗೆ ಕಾಲಿಡಂಗಿಲ್ಲ" ಎಂದಳು. ನನ್ನ ಹಾಸಿಗೆ ಕೊಟ್ಟಿಗೆಯ ಪಕ್ಕದ ಬೂಸಾ ಮೂಟೆಗಳ ಕೋಣೆಗೆ ವರ್ಗವಾಯಿತು. ಡ್ಯೂಟಿ ಮುಗಿಸಿ ಬಂದವನು ನೇರವಾಗಿ ಹಿತ್ತಲಿಗೆ ಹೋಗಬೇಕು. ಅಲ್ಲಿ ಹಂಡೆಯಲ್ಲಿ ಬೇವಿನ ಸೊಪ್ಪು, ಅರಿಶಿನ ಹಾಕಿ ಕುದಿಸಿದ ನೀರು. ಬಟ್ಟೆ ಬಕೆಟ್ಟಿಗೆ, ನಾನು ಬಚ್ಚಲಿಗೆ. ಆಮೇಲೆ ಬಿಸಿ ನೀರಿನ ಹಬೆ, ಆಮೇಲೆ ಶುಂಠಿ ಮೆಣಸಿನ ಕಷಾಯ. ಊಟದ ತಟ್ಟೆಯನ್ನು ಹೊಸಿಲ ಮೇಲಿಟ್ಟು, ಹುಲ್ಲು ಎಳೆಯುವ ಕೋಲಿನಿಂದ ನನ್ನ ಕಡೆಗೆ ತಳ್ಳುತ್ತಿದ್ದಳು. ಒಂದು ದಿನ ಮುದ್ದೆ ಉರುಳಿಕೊಂಡು ಹಸುವಿನ ಕಡೆ ಹೋಗಿ ಹಸುವಿಗೇ ಸೇರಿತು.

ಸೌಮ್ಯ ಕಿಟಕಿಯಿಂದ ಮಾತಾಡುತ್ತಿದ್ದಳು. "ಅಪ್ಪಾ, ಹಸುಗಳ ಜೊತೆ ಹೆಂಗಿದ್ದೀಯಾ?" ಎನ್ನುತ್ತಿದ್ದಳು. "ಅವು ಮೇಲು ಕಣಮ್ಮ, ಅವಕ್ಕೆ ನಿಮ್ಮಮ್ಮ ಕೈಯಾರೆ ಮೇವು ಹಾಕ್ತಾಳೆ" ಎನ್ನುತ್ತಿದ್ದೆ. ಅವಳು ನಕ್ಕಾಗ ನನಗೂ ನಗು ಬರುತ್ತಿತ್ತು. ಆದರೆ ಅವಳು ಕಿಟಕಿ ಸರಳು ಹಿಡಿದುಕೊಂಡು ನಿಂತಿದ್ದ ಭಂಗಿ ನೋಡಿದರೆ ನಗು ಅರ್ಧಕ್ಕೇ ನಿಲ್ಲುತ್ತಿತ್ತು. ಈ ಕೂಸಿಗೆ, ಅದರ ಕೂಸಿಗೆ ನನ್ನಿಂದ ಏನಾದರೂ ಆದರೆ? ನನಗೆ ಏನಾದರೂ ಆಗುತ್ತದೆ ಎನ್ನುವ ಭಯ ಹಳೆಯದು, ಅದರ ಜೊತೆ ಬದುಕಲು ನನಗೆ ಗೊತ್ತಿತ್ತು. ಇದು ಹೊಸದು.

ಆಗಲೇ ಮೇಲಿನಿಂದ ಆದೇಶ ಬಂತು. ಸಿಬ್ಬಂದಿ ದಿನಾ ಮನೆಗೆ ಹೋಗಿ ಬರುವುದು ಬೇಡ, ಹದಿನಾಲ್ಕು ದಿನ ಒಳಗೇ ಉಳಿದು ಕೆಲಸ ಮಾಡಬೇಕು, ಆಮೇಲೆ ಇನ್ನೊಂದು ತಂಡ ಬರುತ್ತದೆ ಎಂದು. ಮೇಡಂ ನಮ್ಮನ್ನೆಲ್ಲ ಬೇವಿನ ಮರದ ಕೆಳಗೆ ದೂರ ದೂರ ನಿಲ್ಲಿಸಿ, "ಮೊದಲನೇ ತಂಡಕ್ಕೆ ಯಾರು ಬರ್ತೀರಾ?" ಎಂದು ಕೇಳಿದರು. ಎಲ್ಲರೂ ಅವರವರ ಬೂಟು ನೋಡಿಕೊಂಡರು. ನಾನು ಕೈಯೆತ್ತಿದೆ. ಮೇಡಂ ಕಣ್ಣಲ್ಲಿ ನನ್ನ ಬಗ್ಗೆ ಅಂಥ ಗೌರವ ಅದುವರೆಗೆ ಕಂಡಿರಲಿಲ್ಲ. "ನೋಡಿ, ಹಿರಿಯರು ಅಂದ್ರೆ ಹೀಗಿರಬೇಕು" ಎಂದರು. ಚಪ್ಪಾಳೆಯೂ ಆಯಿತು. ನಾಗೇಶ ನನ್ನನ್ನು ನೋಡಿ ನಾಚಿಕೆಯಿಂದ ಅವನೂ ಕೈಯೆತ್ತಿದ. ನಾನು ಲೆಕ್ಕ ಹಾಕಿದ್ದು ಇಷ್ಟೇ: ಎತ್ತರದ ಗೋಡೆ, ಯಾರೂ ಒಳಗೆ ಬರುವಂತಿಲ್ಲ, ಯಾರೂ ಹೊರಗೆ ಹೋಗುವಂತಿಲ್ಲ. ಆ ದಿನಗಳಲ್ಲಿ ಇದಕ್ಕಿಂತ ಭದ್ರವಾದ ಜಾಗ ಜಿಲ್ಲೆಯಲ್ಲೇ ಇನ್ನೊಂದಿರಲಿಲ್ಲ. ಮೇಲಾಗಿ ಮಗಳಿಗೂ ಕ್ಷೇಮ. ಆದರೆ ಚಪ್ಪಾಳೆ ಬಿದ್ದ ಮೇಲೆ ಕಾರಣ ಬಿಡಿಸಿ ಹೇಳುವುದು ಸಭ್ಯತೆಯಲ್ಲ ಎಂದು ಸುಮ್ಮನಾದೆ.

ಹೊರಡುವ ದಿನ ಜಯಮ್ಮ ಒಂದು ಚೀಲ ಸಿದ್ಧ ಮಾಡಿದ್ದಳು. ಹಬೆ ತೆಗೆದುಕೊಳ್ಳುವ ಪಾತ್ರೆ, ಅಮೃತಬಳ್ಳಿ, ಒಣಶುಂಠಿ, ಮತ್ತೆ ಬಿಳಿ ಬಟ್ಟೆಯಲ್ಲಿ ಹೊಲಿದ ಪುಟ್ಟ ಪುಟ್ಟ ಗಂಟುಗಳು. "ಇದರಲ್ಲಿ ಕರ್ಪೂರ, ಓಮ, ಲವಂಗ, ಇನ್ನೂ ಏನೇನೋ ಕುಟ್ಟಿ ಹಾಕಿದ್ದೀನಿ. ಎರಡು ಮಾಸ್ಕಿನ ಮಧ್ಯೆ ಇಟ್ಕೊಳಿ. ಯಾವ ಹುಳಾನೂ ಹತ್ರ ಬರಲ್ಲ" ಎಂದಳು. ಕೋಲಿನ ತುದಿಗೆ ಚೀಲ ಸಿಕ್ಕಿಸಿ ನನಗೆ ದಾಟಿಸಿದಳು. ಕೋಲು ವಾಪಸು ಎಳೆದುಕೊಳ್ಳುವಾಗ ಅವಳ ಕಣ್ಣು ಒದ್ದೆಯಾಗಿತ್ತು. "ಹುಷಾರು ಕಣ್ರೀ" ಎಂದಳು. ಇಷ್ಟು ವರ್ಷದಲ್ಲಿ ನಾನು ಹುಷಾರಾಗಿರಬೇಕೆಂದು ಅವಳು ಹೇಳಿದ್ದು ಅದೇ ಮೊದಲು.

ಒಳಗೆ ಹೋದ ಮೊದಲನೆಯ ದಿನವೇ ನನ್ನ ಲೆಕ್ಕ ತಲೆಕೆಳಗಾಯಿತು. ಜೈಲಿನ ಅಡುಗೆ ಮನೆ ನೋಡಿಕೊಳ್ಳುತ್ತಿದ್ದವನು ತಿಮ್ಮರಾಯಪ್ಪ, ಅನುಗೊಂಡನಹಳ್ಳಿ ಕಡೆಯ ರೈತ, ಅರವತ್ತರ ಹತ್ತಿರದ ಆಳು. ಬದುವಿನ ಜಗಳದಲ್ಲಿ ದಾಯಾದಿಯ ಕೈ ಮುರಿದ ಕೇಸಿನಲ್ಲಿ ಬಂದಿದ್ದ, ವಿಚಾರಣೆ ಇನ್ನೂ ನಡೆಯುತ್ತಿತ್ತು. ನಾನು ಬ್ಯಾರಕ್ಕಿನ ಮುಂದೆ ನಿಂತು, "ಎಲ್ರೂ ದೂರ ನಿಂತ್ಕೊಳ್ರಪ್ಪ, ನನ್ನ ಹತ್ರ ಬರ್ಬೇಡಿ" ಎಂದು ದಿನದ ಭಾಷಣ ಶುರು ಮಾಡಿದೆ. ತಿಮ್ಮರಾಯಪ್ಪ ಕೈಯೆತ್ತಿದ.

"ಸಾ, ಒಂದ್ಮಾತು. ತಪ್ಪು ತಿಳ್ಕೋಬಾರ್ದು."

"ಏನಯ್ಯ?"

"ನಾವು ಎಲ್ಲಿಗೂ ಹೋಗಿಲ್ಲ ಸಾ. ಮೂರು ತಿಂಗಳಿಂದ ಈ ಬೇವಿನ ಮರ ಬಿಟ್ರೆ ಬೇರೆ ಗಾಳೀನೇ ಕುಡಿದಿಲ್ಲ. ನಮಗೆ ಆ ಕಾಯ್ಲೆ ಬರ್ಬೇಕು ಅಂದ್ರೆ ನಿಮ್ಮ ಮೈ ಮೇಲೇ ಬರ್ಬೇಕು. ದೂರ ನಿಂತ್ಕೋಬೇಕಾದೋರು ನಾವಲ್ಲ ಸಾ, ನೀವು."

ನಾಗೇಶ ಎಲ್ಲಿಗೋ ನೋಡುತ್ತಾ ನಿಂತ. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಸಿಟ್ಟು ಮಾಡಲು ಕಾರಣವೇ ಸಿಗಲಿಲ್ಲ. ತಿಮ್ಮರಾಯಪ್ಪ ಮೆಲ್ಲಗೆ, "ಮನೇಲಿ ನಮ್ಮವಳಿಗೆ ಸಕ್ಕರೆ ಕಾಯ್ಲೆ ಸಾ. ನಾನು ಗಟ್ಟಿಯಾಗಿ ಹೊರಗೆ ಹೋಗ್ಬೇಕು. ಅದಕ್ಕೇ ಅಂದೆ" ಎಂದು ಸೇರಿಸಿದ. ಇಷ್ಟು ವರ್ಷ ಪ್ರಪಂಚದ ಎಲ್ಲ ಕಾಯಿಲೆಗಳೂ ನನ್ನ ಕಡೆಗೇ ಬರುತ್ತಿವೆ ಎಂದುಕೊಂಡಿದ್ದವನಿಗೆ, ಈ ಗೋಡೆಯೊಳಗೂ ನಾನೇ ಇನ್ನೊಬ್ಬರ ಕಡೆಗೆ ಬರುತ್ತಿರುವ ಕಾಯಿಲೆ ಇರಬಹುದು ಎಂದು ಒಂದು ಸಲವೂ ಹೊಳೆದಿರಲಿಲ್ಲ. "ಆಯ್ತಯ್ಯ" ಎಂದು ನಾನೇ ಎರಡು ಹೆಜ್ಜೆ ಹಿಂದೆ ಹೋಗಿ ನಿಂತೆ.

ಅಲ್ಲಿಂದ ಎಲ್ಲ ಸಲೀಸಾಯಿತು. ಅವರು ನನ್ನನ್ನು ಗಮನಿಸುತ್ತಿದ್ದರು, ನಾನು ಅವರನ್ನು ಗಮನಿಸುತ್ತಿದ್ದೆ. ಕೈ ತೊಳೆಯದೆ ಬೀಗ ಮುಟ್ಟಿದರೆ ಒಳಗಿನಿಂದ "ಸಾ, ಸೋಪು" ಎಂಬ ಕೂಗು ಬರುತ್ತಿತ್ತು. ತಿಮ್ಮರಾಯಪ್ಪನ ಕಷಾಯ ಜಯಮ್ಮನ ಕಷಾಯಕ್ಕಿಂತ ಚೆನ್ನಾಗಿತ್ತು, ಇದನ್ನು ದಯವಿಟ್ಟು ಯಾರೂ ಅವಳಿಗೆ ಹೇಳಬೇಡಿ. ಬೆಳಿಗ್ಗೆ ಹೊತ್ತು ಎಲ್ಲರೂ ಅಂಗಳದಲ್ಲಿ ಕೂತು ಮೂಗು ಹಿಡಿದು ಪ್ರಾಣಾಯಾಮ ಮಾಡುತ್ತಿದ್ದೆವು. ಒಂದು ಕಡೆ ಅರವತ್ತೊಂದು ಜನ, ಇನ್ನೊಂದು ಕಡೆ ರೇನ್‌ಕೋಟಿನ ನಾನು. ಎಂಟು ದಿನ ಹೀಗೆ ಚೆನ್ನಾಗಿ ಕಳೆಯಿತು.

ಒಂಬತ್ತನೆಯ ದಿನ ಬೆಳಗಿನ ಎಣಿಕೆಯಲ್ಲಿ ಮೂವತ್ತೇಳಕ್ಕೆ ಬಂದಿದ್ದೆ. ಮೂಗಿನೊಳಗೆ ಏನೋ ಓಡಾಡಿದಂತಾಯಿತು. ತಡೆದೆ. ಮತ್ತೆ ತಡೆದೆ. ಮೂರನೆಯ ಸಲ ಆಗಲಿಲ್ಲ. ಸೀನಿದೆ. ಒಂದಲ್ಲ, ಒಂದರ ಹಿಂದೆ ಒಂದು ಏಳು. ಒಳಗಿನಿಂದ ಬಡಿದ ಗಾಳಿಗೆ ಪ್ಲಾಸ್ಟಿಕ್ಕಿನ ಮುಖಗವಸು ಮೇಲಕ್ಕೆ ಹಾರಿ ತಲೆಯ ಮೇಲೆ ಕೂತಿತು. ಕಣ್ಣು ಬಿಟ್ಟು ನೋಡಿದರೆ ಬ್ಯಾರಕ್ಕಿನ ಮುಂದೆ ಒಬ್ಬರೂ ಇಲ್ಲ. ಅಷ್ಟೂ ಜನ ತಾವಾಗಿಯೇ ಒಳಗೆ ಓಡಿ ಬಾಗಿಲು ಎಳೆದುಕೊಂಡಿದ್ದರು. ಅಷ್ಟು ವರ್ಷದ ಸರ್ವೀಸಿನಲ್ಲಿ ನಾನು ಲಾಠಿ ತೋರಿಸಿಯೂ ಅಷ್ಟು ಬೇಗ ಯಾರನ್ನೂ ಒಳಗೆ ಹಾಕಿರಲಿಲ್ಲ. ನಾಗೇಶ ಬೇವಿನ ಮರದ ಹಿಂದಿದ್ದ.

ಮೇಡಂ ಬಂದರು, ದೂರದಲ್ಲೇ ನಿಂತರು. "ಮುನಿರಾಜು, ಬೇಜಾರು ಮಾಡ್ಕೋಬೇಡಿ. ರಿಪೋರ್ಟ್ ಬರೋವರೆಗೂ ಬೇರೆ ಇರ್ಬೇಕಾಗುತ್ತೆ" ಎಂದರು. ಬೇರೆ ಇರಲು ಇದ್ದದ್ದು ಒಂದೇ ಜಾಗ, ಹೊಸ ಖೈದಿಗಳಿಗೆಂದು ಮಾಡಿದ್ದ ಆ ಮೂಲೆ ಕೋಣೆ. ಪುಣ್ಯಕ್ಕೆ ಆಗ ಖಾಲಿಯಿತ್ತು. ನನ್ನ ಹಬೆ ಪಾತ್ರೆ, ಚೀಲ ಹಿಡಿದುಕೊಂಡು ಒಳಗೆ ಹೋದೆ. ಬಾಗಿಲ ಚಿಲಕ ಇದ್ದದ್ದು ಹೊರಗಡೆ. ನಾಗೇಶ ಅದನ್ನು ಮೊಣಕೈಯಿಂದ ಬಹಳ ಅಚ್ಚುಕಟ್ಟಾಗಿ ಹಾಕಿದ. "ಸಾರಿ ಅಣ್ಣ" ಎಂದ. ಅವನ ಮಾಸ್ಕಿನ ಒಳಗೆ ನಗು ಇತ್ತೋ ಅಳು ಇತ್ತೋ ಗೊತ್ತಾಗಲಿಲ್ಲ.

ಮಧ್ಯಾಹ್ನ ಆರೋಗ್ಯ ಇಲಾಖೆಯ ಹೆಣ್ಣುಮಗಳೊಬ್ಬಳು ಮೈತುಂಬ ಬಿಳಿ ಉಡುಪು ಹಾಕಿಕೊಂಡು ಬಂದಳು. ಅವಳ ಕೈಯಲ್ಲಿ ಉದ್ದನೆಯ ಕಡ್ಡಿ. ಅದು ಮೂಗಿನೊಳಗೆ ಎಷ್ಟು ದೂರ ಹೋಗುತ್ತದೆ ಎಂದು ಕೇಳಿದೆ. "ಸ್ವಲ್ಪ ಸಾರ್, ಕಣ್ಣು ಮುಚ್ಕೊಳಿ" ಎಂದಳು. ಆ ಸ್ವಲ್ಪ ಎಂದರೆ ನನ್ನ ಲೆಕ್ಕದಲ್ಲಿ ಹಿಂದಲೆಯವರೆಗೆ. ನಾನು ಹಿಂದೆ ಸರಿಯುತ್ತಾ ಗೋಡೆಗೆ ಬಂದು ಒರಗಿದೆ, ಕೈಗೆ ಸಿಕ್ಕಿದ ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಎದುರಿನ ಬ್ಯಾರಕ್ಕಿನ ಕಿಟಕಿಗಳಲ್ಲಿ ಅರವತ್ತೊಂದು ಜೊತೆ ಕಣ್ಣು. "ಏನಾಗಲ್ಲ ಸಾ, ಇರುವೆ ಕಡಿದಂಗೆ!" ಎಂದು ಯಾರೋ ಧೈರ್ಯ ಹೇಳಿದರು. ಅವಳು ಹೋದ ಮೇಲೆ ಚಪ್ಪಾಳೆ ತಟ್ಟಿದರು.

ರಿಪೋರ್ಟ್ ಬರಲು ಮೂರು ದಿನ ಎಂದರು. ನಾನು ಮೂಲೆಯಲ್ಲಿ ಕೂತು ಸೀನುತ್ತಾ ಲಕ್ಷಣಗಳನ್ನು ಎಣಿಸಿದೆ. ಗಂಟಲು ಕೆರೆತ ಇತ್ತು. ಮೈಕೈ ನೋವು ಇತ್ತು. ಹಣೆ ಮುಟ್ಟಿಕೊಂಡರೆ ಬಿಸಿ, ಯಾಕೆಂದರೆ ಹಣೆ ಮುಟ್ಟಿದ ಕೈ ಹಬೆ ಪಾತ್ರೆಯ ಮೇಲಿತ್ತು. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ತಿಮ್ಮರಾಯಪ್ಪನ ಮಾತು. ಅವರೆಲ್ಲ ಗಟ್ಟಿಯಾಗಿ ಹೊರಗೆ ಹೋಗಬೇಕಾದವರು. ನಾನು ಏನಾದರೂ ತಂದು ಹಂಚಿಬಿಟ್ಟೆನೇ ಎಂದು ನೆನೆದು ಊಟವನ್ನು ಅರ್ಧಕ್ಕೇ ಬಿಟ್ಟೆ.

ಆ ಊಟವನ್ನು ತಂದಿಡುತ್ತಿದ್ದವನು ತಿಮ್ಮರಾಯಪ್ಪನೇ. ಬೇರೆ ಯಾರೂ ಹತ್ತಿರ ಬರಲು ಒಪ್ಪಿರಲಿಲ್ಲ. ತಟ್ಟೆ ಇಟ್ಟು ದೂರ ಹೋಗಿ ಕಲ್ಲಿನ ಮೇಲೆ ಕೂತು, ನಾನು ತಿನ್ನುವುದನ್ನೇ ನೋಡುತ್ತಿದ್ದ. ಎರಡನೆಯ ದಿನ ಮಧ್ಯಾಹ್ನ ಅವನು ತಲೆ ಕೆರೆದುಕೊಂಡು, "ಸಾ, ನಿನ್ನೆಯಿಂದ ನೋಡ್ತಾ ಇದ್ದೀನಿ. ಊಟ ಮಾಡೋವಾಗ ನೀವು ಒಂದ್ಸಲಾನೂ ಸೀನಲ್ಲ. ಮಾಸ್ಕು ಹಾಕ್ಕೊಂಡ್ರೆ ಶುರು. ಅದರೊಳಗೆ ಏನೈತೆ ಸಾ?" ಎಂದ.

ಎರಡು ಮಾಸ್ಕಿನ ಮಧ್ಯದಿಂದ ಜಯಮ್ಮನ ಗಂಟು ತೆಗೆದು ನೋಡಿದೆ. ಒಂದು ಮೂಲೆಯ ಹೊಲಿಗೆ ಬಿಚ್ಚಿತ್ತು. ಅಂಗೈ ಮೇಲೆ ಅಲ್ಲಾಡಿಸಿದರೆ ಕಪ್ಪಗೆ ನುಣ್ಣನೆಯ ಪುಡಿ ಉದುರಿತು. ಮೂಗಿನ ಹತ್ತಿರ ತಂದದ್ದೇ ತಡ, ಮತ್ತೆ ನಾಲ್ಕು ಸೀನು. 'ಇನ್ನೂ ಏನೇನೋ' ಎಂದು ಅವಳು ಹೇಳಿದ್ದರಲ್ಲಿ ಕಾಳುಮೆಣಸಿನ ಪುಡಿ ಮುಖ್ಯವಾದದ್ದು ಎಂದು ಆಗ ಗೊತ್ತಾಯಿತು. ಬೆಳಿಗ್ಗೆಯಿಂದ ಸಂಜೆವರೆಗೆ, ರೋಗ ಬರಬಾರದೆಂದು, ನಾನು ಶ್ರದ್ಧೆಯಿಂದ ಮೆಣಸಿನ ಪುಡಿ ಎಳೆದುಕೊಂಡಿದ್ದೆ. ತಿಮ್ಮರಾಯಪ್ಪ ಕಲ್ಲಿನ ಮೇಲೆ ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ನಗು ಕೇಳಿ ಬ್ಯಾರಕ್ಕುಗಳು ಕಾರಣ ಗೊತ್ತಿಲ್ಲದೆಯೇ ನಕ್ಕವು. ನಾನೂ ನಕ್ಕೆ. ಆದರೆ ಮೇಡಂ ಮಾತ್ರ, "ಮೆಣಸು ನಾನು ಒಪ್ತೀನಿ ಮುನಿರಾಜು. ಆದ್ರೂ ರಿಪೋರ್ಟ್ ಬರ್ಲಿ" ಎಂದು ಬಿಟ್ಟರು. ಚಿಲಕ ಹಾಗೇ ಉಳಿಯಿತು.

ಮಾರನೆಯ ಬೆಳಿಗ್ಗೆ ಮೇಡಂ ಮತ್ತೆ ಬಂದರು. ನಮ್ಮ ಮೊಬೈಲುಗಳನ್ನು ಗೇಟಿನಲ್ಲೇ ಇಟ್ಟು ಬರಬೇಕಾದ್ದರಿಂದ ಮನೆಯ ಸುದ್ದಿಯೆಲ್ಲ ಆಫೀಸಿನ ಫೋನಿಗೇ ಬರಬೇಕು. "ನಿಮ್ಮ ಮನೆಯವರು ಫೋನ್ ಮಾಡಿದ್ರು. ಮಗಳಿಗೆ ನೋವು ಕಾಣಿಸ್ಕೊಂಡಿದೆ, ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದಾರೆ" ಎಂದರು. ಹೇಳಿದ್ದ ದಿನಕ್ಕಿಂತ ಹತ್ತು ದಿನ ಮುಂಚೆ. ಹೊರಗೆ ಹೋಗುವಂತಿಲ್ಲ, ಹೋದರೂ ಆಸ್ಪತ್ರೆಯೊಳಗೆ ಬಿಡುವುದಿಲ್ಲ. ಕಿಟಕಿಯ ಸರಳು ಹಿಡಿದು ನಿಂತೆ. ಮನೆಯಲ್ಲಿ ಸೌಮ್ಯ ಹೀಗೇ ನಿಲ್ಲುತ್ತಿದ್ದಳು.

ಎದುರಿನ ಬ್ಯಾರಕ್ಕಿನವರು ಕೇಳಿಸಿಕೊಂಡಿದ್ದರು. ತಿಂಡಿಯ ಹೊತ್ತಿಗೆ ತಿಮ್ಮರಾಯಪ್ಪ ಬಂದು ಕಲ್ಲಿನ ಮೇಲೆ ಕೂತ. "ನಮ್ಮ ಹಿರೀ ಮಗಳು ಹುಟ್ಟಿದಾಗ ನಾನು ರಾಗಿ ಕಣದಲ್ಲಿದ್ದೆ ಸಾ. ಯಾರೋ ಬಂದು ಹೇಳೋ ಹೊತ್ಗೆ ಮಗು ಹುಟ್ಟಿ ಎಣ್ಣೆ ನೀರೂ ಆಗಿತ್ತು. ಗಂಡಸರು ಇದ್ದೇನು ಮಾಡ್ತೀವಿ, ಬಾಗಿಲಲ್ಲಿ ಅಡ್ಡ ನಿಂತಿರ್ತೀವಿ ಅಷ್ಟೆ" ಎಂದ. ಆಮೇಲೆ ತನ್ನ ಹೊಲದ ಕತೆ, ಬದುವಿನ ಕತೆ, ದಾಯಾದಿ ಚಿಕ್ಕವನಿದ್ದಾಗ ಅವನನ್ನು ಹೆಗಲ ಮೇಲೆ ಹೊತ್ತು ತಿರುಗಿದ ಕತೆ, ಎಲ್ಲ ಹೇಳಿದ. ಅವನು ಅಷ್ಟು ಮಾತಾಡಿದ್ದು ನಾನು ಅದುವರೆಗೆ ಕೇಳಿರಲಿಲ್ಲ. ನನ್ನ ಹೊತ್ತು ಕಳೆಯಲಿ ಎಂದು ಮಾತಾಡುತ್ತಿದ್ದಾನೆಂದು ನನಗೆ ಗೊತ್ತಿತ್ತು, ಗೊತ್ತಿಲ್ಲದವನಂತೆ ಕೇಳಿದೆ.

ಹನ್ನೊಂದು ಗಂಟೆಯ ಸುಮಾರಿಗೆ ಮೇಡಂ ಆಫೀಸಿನಿಂದ ಓಡಿ ಬಂದರು. ಅವರು ಓಡಿದ್ದನ್ನು ಜೈಲಿನಲ್ಲಿ ಯಾರೂ ನೋಡಿರಲಿಲ್ಲ. "ಹೆಣ್ಣು ಮಗು! ಇಬ್ರೂ ಚೆನ್ನಾಗಿದ್ದಾರೆ!" ಎಂದು ಅಂಗಳದ ಆ ತುದಿಯಿಂದಲೇ ಕೂಗಿದರು. ನಾನು ಅತ್ತೆನೋ ನಕ್ಕೆನೋ ನನಗೇ ತಿಳಿಯಲಿಲ್ಲ, ಕನ್ನಡಕ ಎರಡಕ್ಕೂ ಮಂಜಾಗುತ್ತದೆ. ಅಷ್ಟರಲ್ಲಿ ಒಂದು ಬ್ಯಾರಕ್ಕಿನಿಂದ ಠಣ್ ಎಂದಿತು. ಆಮೇಲೆ ಇನ್ನೊಂದು. ಮರುಕ್ಷಣ ನಾಲ್ಕೂ ಬ್ಯಾರಕ್ಕುಗಳಲ್ಲಿ ತಟ್ಟೆ, ಲೋಟ, ಬಕೆಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯಲು ಶುರು ಮಾಡಿದರು. ಜೈಲಿನಲ್ಲಿ ತಟ್ಟೆ ಬಡಿಯುವುದೆಂದರೆ ಗಲಾಟೆ ಎಂದು ಅರ್ಥ. ಗೇಟಿನಲ್ಲಿದ್ದ ನಾಗೇಶ ಸೀಟಿ ಊದುತ್ತಾ ಲಾಠಿ ಹಿಡಿದುಕೊಂಡು ಓಡಿಬಂದ. ಬಂದವನಿಗೆ ಯಾರನ್ನು ತಡೆಯಬೇಕೆಂದು ಗೊತ್ತಾಗಲಿಲ್ಲ, ಯಾಕೆಂದರೆ ಮೇಡಂ ಕೂಡ ತಮ್ಮ ಕೈಯಲ್ಲಿದ್ದ ಬೀಗದ ಕೈಗೊಂಚಲನ್ನು ಕಂಬಿಗೆ ಬಡಿಯುತ್ತಿದ್ದರು. ವಿಷಯ ತಿಳಿದ ಮೇಲೆ ನಾಗೇಶ ಸೀಟಿಯನ್ನೇ ತಾಳಕ್ಕೆ ಸರಿಯಾಗಿ ಊದಿದ.

ಮಧ್ಯಾಹ್ನದ ಊಟದ ತಟ್ಟೆಯ ಪಕ್ಕ ಒಂದು ಲೋಟ ಪಾಯಸ ಬಂತು. ಬೆಳಗಿನ ಟೀಯನ್ನು ಆ ದಿನ ಅಷ್ಟೂ ಜನ ಬೇಡವೆಂದಿದ್ದರಂತೆ. ಆ ಹಾಲು, ಆ ಬೆಲ್ಲ. ಯಾವ ಸುದ್ದಿ ಬರುತ್ತದೋ ಗೊತ್ತಿಲ್ಲದೆಯೇ ಬೆಳಿಗ್ಗೆ ಎತ್ತಿಟ್ಟಿದ್ದರು. ಬೆಳಗಿನ ಟೀಗೆ ಅವರು ಎಂಥ ಬೆಲೆ ಕೊಡುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ಸಂಜೆ ನಾಲ್ಕಕ್ಕೆ ರಿಪೋರ್ಟೂ ಬಂತು. "ನೆಗೆಟಿವ್" ಎಂದು ಮೇಡಂ ಓದಿದರು. "ಹಂಗಂದ್ರೆ ಏನ್ಸಾ, ಐತೋ ಇಲ್ವೋ?" ಎಂದು ಒಳಗಿನಿಂದ ಕೂಗು. "ಇಲ್ಲ ಕಣ್ರಪ್ಪೋ!" ಎಂದೆ. ಮತ್ತೊಂದು ಸಲ ತಟ್ಟೆ ಬಡಿತ.

ಉಳಿದ ಮೂರು ದಿನ ಮುಗಿಸಿ, ತಂಡ ಬದಲಾದ ಮೇಲೆ ಊರಿಗೆ ಹೋದೆ. ರಿಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಎದೆಗೆ ಹಿಡಿದುಕೊಂಡಿದ್ದೆ. ಜಯಮ್ಮ ಓದಿ, ತಿರುಗಿಸಿ ಹಿಂಭಾಗವನ್ನೂ ನೋಡಿ, ಸ್ನಾನ ಮಾಡಿಸಿ, ಕೊನೆಗೆ ಹೊಸಿಲು ದಾಟಲು ಬಿಟ್ಟಳು. ಮೆಣಸಿನ ಪುಡಿಯ ವಿಷಯ ಹೇಳಿದೆ. "ಅದಕ್ಕೇ ಏನೂ ಬರ್ಲಿಲ್ಲ ನೋಡಿ" ಎಂದಳು. ವಾದ ಮಾಡುವುದು ಬೇಡವೆನಿಸಿತು. ಸೌಮ್ಯ ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು. ಕೆಂಪಗೆ, ಬೆಚ್ಚಗೆ, ಮುಷ್ಟಿ ಬಿಗಿ ಹಿಡಿದುಕೊಂಡು, ಹಾಲಿನ ವಾಸನೆಯ ಉಸಿರು ನನ್ನ ಮುಖಕ್ಕೇ ಬಿಡುತ್ತಿತ್ತು. ಎಷ್ಟೋ ತಿಂಗಳ ಮೇಲೆ ಇನ್ನೊಬ್ಬರ ಉಸಿರನ್ನು ನಾನು ಹಾಗೆ ಕೂತು ತೆಗೆದುಕೊಂಡದ್ದು.

ಮತ್ತೆ ನನ್ನ ತಂಡದ ಸರದಿ ಬಂದಾಗ, ಮೊಬೈಲು ಒಳಗೆ ಬಿಡುವುದಿಲ್ಲವಲ್ಲ, ಸೂಲಿಬೆಲೆಯ ಸ್ಟುಡಿಯೋದವನ ಮನೆ ಬಾಗಿಲು ಬಡಿದು ಮಗುವಿನ ಫೋಟೋ ಪ್ರಿಂಟು ಹಾಕಿಸಿಕೊಂಡೆ. ಪಾಯಸ ಕಾಯಿಸಿದವರಿಗೆ ತೋರಿಸಬೇಕೆಂಬ ಆತುರ. ಅಂಗಳಕ್ಕೆ ಬಂದು, "ಬರ್ರಪ್ಪ, ನನ್ನ ಮೊಮ್ಮಗಳು ನೋಡ್ರಿ" ಎಂದು ಫೋಟೋ ಮುಂದೆ ಚಾಚಿ ಎರಡು ಹೆಜ್ಜೆ ಇಟ್ಟೆ. ಅಷ್ಟೂ ಜನ ನಾಲ್ಕು ಹೆಜ್ಜೆ ಹಿಂದೆ ಹೋದರು.

"ಅಲ್ಲೇ ನಿಂತ್ಕೊಳಿ ಸಾ" ಎಂದ ತಿಮ್ಮರಾಯಪ್ಪ. "ಹಸುಗೂಸು ಇರೋ ಮನೆಯೋರು ನೀವು. ನಮ್ಮಿಂದ ಏನೂ ಅಂಟ್ಬಾರ್ದು. ಅಲ್ಲಿಂದಾನೇ ಹಿಡೀರಿ, ಕಾಣ್ತದೆ."

"ಅಯ್ಯೋ, ಫೋಟೋ ಕಣಯ್ಯ ಇದು! ಕೈಯಲ್ಲಿ ಹಿಡ್ಕೊಂಡು ನೋಡು, ಮೂಗು ನೋಡು, ನನ್ನ ಥರಾನೇ ಇದೆ."

"ಬ್ಯಾಡ ಸಾ. ನಾವು ಮುಟ್ಟಿದ್ದನ್ನ ನೀವು ಜೇಬಲ್ಲಿಟ್ಕೊತೀರಿ. ಆಮೇಲೆ ಅದೇ ಕೈಯಲ್ಲಿ ಕೂಸನ್ನ ಎತ್ಕೊತೀರಿ."

ಎಷ್ಟು ಹೇಳಿದರೂ ಒಬ್ಬನೂ ಮುಂದೆ ಬರಲಿಲ್ಲ. ಬಿಸಿಲಿನಲ್ಲಿ ಫೋಟೋ ಎತ್ತಿ ಹಿಡಿದುಕೊಂಡು ನಿಂತ ನನಗೆ ರೇಗಿಹೋಯಿತು. "ಏನ್ರಯ್ಯ ಇದು! ಮನುಷ್ಯ ಅಂದ್ಮೇಲೆ ಇಷ್ಟೊಂದು ಹೆದರಿಕೊಂಡ್ರೆ ಬದುಕೋದಾದ್ರೂ ಹೆಂಗ್ರಯ್ಯ!" ಎಂದು ಗದರಿದೆ. ಎದುರಿಗಿದ್ದ ಅಷ್ಟೂ ಜನ ಗಂಭೀರವಾಗಿ ಕೇಳಿಸಿಕೊಂಡರು. ಹಿಂದೆ ದೊಪ್ಪನೆ ಶಬ್ದವಾಯಿತು. ತಿರುಗಿ ನೋಡಿದರೆ, ನಾಗೇಶ ನಗು ತಡೆಯಲಾರದೆ ಬೇವಿನ ಮರದ ಬುಡದಲ್ಲಿ ಕುಸಿದು ಕೂತಿದ್ದ.